ಮುನ್ನೂರ ಹತ್ತು ಮೀಟರ್

ನಮ್ಮೂರಿನ ಸುಣ್ಣದ ಬೀದಿ ವರ್ಷದಿಂದ ವರ್ಷಕ್ಕೆ ಊರಿನಿಂದ ದೂರ ಸರಿಯುತ್ತಿದೆ. ನಾನು ಇಲ್ಲಿಯ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದು ಹನ್ನೆರಡು ವರ್ಷವಾಯಿತು. ಅದರಲ್ಲಿ ಹನ್ನೊಂದೂವರೆ ವರ್ಷ ಈ ಮಾತನ್ನು ನಾನೂ ಬಾಯಿಬಿಟ್ಟು ಹೇಳಿದವಳಲ್ಲ. ಪುರಸಭೆಯ ದಾಖಲೆಯ ಪ್ರಕಾರ ಶಾಲೆಯ ಗೇಟಿನಿಂದ ಸುಣ್ಣದ ಗೂಡಿಗೆ ಮುನ್ನೂರ ಹತ್ತು ಮೀಟರ್. ಯಾರು ಯಾವಾಗ ಅಳೆದರೋ ಗೊತ್ತಿಲ್ಲ. ಅಳೆದ ದಿನ ಅದು ನಿಜವೇ ಇದ್ದಿರಬೇಕು, ಯಾಕೆಂದರೆ ಆಗ ಆ ಬೀದಿಯ ಹೆಂಗಸರು ಹಾಲಿಗೆ ಹೆಪ್ಪು ಕೇಳಲು ಪೇಟೆಯ ಮನೆಗಳಿಗೆ ಬಂದು ಹೋಗುತ್ತಿದ್ದರಂತೆ. ಈಗ ಪೇಟೆಯ ಕೊನೆಯ ಟೈಲರ್ ಅಂಗಡಿ ದಾಟಿದರೆ ಬಯಲು. ಯಾರ ಹೆಸರಿನಲ್ಲೂ ಇಲ್ಲದ, ಯಾವ ನಕ್ಷೆಯಲ್ಲೂ ಇಲ್ಲದ ಕಲ್ಲುಬಯಲು. ಅದರ ಆಚೆ ಸುಣ್ಣ ಸುಡುವವರ ಮೂವತ್ತು ಮನೆ, ಒಂದು ಗೂಡು, ಗೂಡಿನ ಮೇಲೊಂದು ಚಿಮಣಿ.

ಪೇಟೆಯವರು ಇದಕ್ಕೆ ಹೊಂದಿಕೊಂಡದ್ದು ಬಹಳ ಸುಲಭವಾಗಿ. ಅವರು ಅತ್ತ ಹೋಗುವುದನ್ನು ಬಿಟ್ಟರು, ಅಷ್ಟೆ. ಹೋಗದವನಿಗೆ ಮುನ್ನೂರು ಮೀಟರ್ ಆದರೇನು, ಮೂವತ್ತು ಸಾವಿರ ಆದರೇನು. ಅಂಚೆಯವನು ಟೈಲರ್ ಅಂಗಡಿಯ ಕಂಬಕ್ಕೆ ಒಂದು ಡಬ್ಬ ಕಟ್ಟಿ ಆ ಬೀದಿಯ ಕಾಗದಗಳನ್ನೆಲ್ಲ ಅದರಲ್ಲಿ ಹಾಕಿದ. ಬಯಲು ದಾಖಲೆಯಲ್ಲಿ ಇಲ್ಲದ್ದರಿಂದ ಅದರ ಮೇಲೆ ರಸ್ತೆ ಮಾಡುವಂತಿರಲಿಲ್ಲ, ರಸ್ತೆಯಿಲ್ಲದ್ದರಿಂದ ಕಾರು, ಸ್ಕೂಟರು ಹೋಗುತ್ತಿರಲಿಲ್ಲ. ಹಬ್ಬಕ್ಕೆ ಗೋಡೆ ಬಳಿಯಲು ಸುಣ್ಣದ ಗಾಡಿ ತಡವಾಗಿ ಬಂದರೆ, ಇಲ್ಲೇ ಇರುವ ಬೀದಿಯಿಂದ ಬರಲು ಇವರಿಗೆ ಒಂದು ಬೆಳಗು ಬೇಕು ಎಂದು ಬೈದು ಹಣ ಕೊಡುತ್ತಿದ್ದರು. ಹೊಂದಿಕೊಳ್ಳುವ ಕಷ್ಟವನ್ನೆಲ್ಲ ಬೀದಿಯವರೇ ಪಟ್ಟರು. ದಾರಿಯುದ್ದಕ್ಕೂ ನೀರಿನ ಮಡಕೆ ಹೂತಿಟ್ಟರು, ಬೇವಿನ ಸಸಿ ನೆಟ್ಟರು. ಬಯಲು ಬೆಳೆದಂತೆ ಇನ್ನೊಂದು ಮಡಕೆ, ಇನ್ನೊಂದು ಸಸಿ. ನಾನು ಬಂದಾಗ ನಾಲ್ಕು ಮಡಕೆಯ ದಾರಿ ಇತ್ತಂತೆ, ಈಗ ಒಂಬತ್ತು.

ನಮ್ಮ ಶಾಲೆಯಲ್ಲಿ ಮೂರು ಸಲ ತಡವಾಗಿ ಬಂದರೆ ಒಂದು ದಿನ ಗೈರುಹಾಜರಿ ಎಂದು ನಿಯಮ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಗೇಟಿನಲ್ಲಿ ನಿಂತು ತಡವಾದವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ದಿನಾ ಅದೇ ಹತ್ತು ಮಕ್ಕಳು, ಕಾಲಿಗೆ ಬಿಳಿ ಧೂಳು ಮೆತ್ತಿಕೊಂಡು ಬರುವವರು. ನಾನು ದಿನಾ ಅದೇ ಮಾತು ಹೇಳುತ್ತಿದ್ದೆ: ಮುನ್ನೂರು ಮೀಟರ್ ನಡೆಯೋಕೆ ಇಷ್ಟು ಹೊತ್ತಾ? ಆ ಮಕ್ಕಳು ಉತ್ತರ ಕೊಡುತ್ತಿರಲಿಲ್ಲ. ಅದನ್ನು ನಾನು ನಾಚಿಕೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಇವಳಿಗೆ ಉತ್ತರ ಕೊಟ್ಟು ಉಪಯೋಗವಿಲ್ಲ ಎಂದು ಆರು ವರ್ಷದ ಮಗುವಿಗೂ ಗೊತ್ತಿತ್ತು ಅನ್ನಿಸುತ್ತದೆ.

ಕಳೆದ ವರ್ಷ ಏಳನೇ ತರಗತಿಯ ಪುಸ್ತಕದಲ್ಲಿ ‘ವಿಶ್ವದ ದೂರಗಳು’ ಎಂಬ ಹೊಸ ಪಾಠ ಸೇರಿತು. ಅದರ ಹಿಂದೆಯೇ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು: ದೂರದ ಕಲ್ಪನೆಯನ್ನು ಮಕ್ಕಳಿಗೆ ಅನುಭವದ ಮೂಲಕ ತಿಳಿಸಬೇಕು, ಜನವರಿಯಲ್ಲಿ ಪ್ರದರ್ಶನ ಮಾಡಬೇಕು, ಅದನ್ನು ನೋಡಲು ಅಧಿಕಾರಿಗಳು ಬರುತ್ತಾರೆ. ನಮ್ಮ ಹೆಡ್‌ಮಾಸ್ಟರ್ ಚಂದ್ರಮೌಳಿ ಅವರು ಅನುಭವ ಎಂದರೆ ಥರ್ಮೋಕೋಲ್ ಎಂದು ತಿಳಿದವರು. ಎಂಟು ಉಂಡೆಗಳಿಗೆ ಬಣ್ಣ ಹಚ್ಚಿ, ದಾರ ಕಟ್ಟಿ, ಒಂದು ಮೇಜಿನ ಮೇಲೆ ಸೂರ್ಯನ ಸುತ್ತ ತೂಗುಹಾಕಿ, ಸೀರಿಯಲ್ ಲೈಟ್ ಬಿಟ್ಟರೆ ವಿಶ್ವ ಮುಗಿಯಿತು. ಅದರಲ್ಲಿ ಭೂಮಿಗೂ ಸೂರ್ಯನಿಗೂ ಒಂದು ಗೇಣು. ನೆಪ್ಚೂನ್ ಮೇಜಿನ ಅಂಚಿಗೆ ಬಂದು ಬೀಳುವಂತಿದ್ದದ್ದಕ್ಕೆ ಅದನ್ನು ಇನ್ನೂ ಸ್ವಲ್ಪ ಒಳಗೆ ತಳ್ಳಿದರು.

ನಾನೇನೂ ಅವರಿಗಿಂತ ಮೇಲಿನವಳಲ್ಲ. ಬೋರ್ಡಿನ ಮೇಲೆ ಹದಿನೈದು ಕೋಟಿ ಕಿಲೋಮೀಟರ್ ಎಂದು ಬರೆದೆ, ಮಕ್ಕಳು ಹದಿನೈದು ಕೋಟಿ ಎಂದು ಬರೆದುಕೊಂಡರು. ಬೆಳಕಿಗೆ ಸೂರ್ಯನಿಂದ ಇಲ್ಲಿಗೆ ಬರಲು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಎಂದೆ, ಅದನ್ನೂ ಬರೆದುಕೊಂಡರು. ಅತಿ ಹತ್ತಿರದ ನಕ್ಷತ್ರದಿಂದ ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಎಂದಾಗ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. ಹೆಸರು ಚಿಕ್ಕತಾಯಿ. ಸುಣ್ಣದ ಬೀದಿಯವಳು. ನನ್ನ ತಡದ ಪಟ್ಟಿಯಲ್ಲಿ ಹೆಚ್ಚುಕಡಿಮೆ ದಿನಾ ಮೊದಲ ಹೆಸರು ಅವಳದ್ದು. ಅಷ್ಟು ದೂರಕ್ಕೆ ಯಾರೂ ಹೋಗಿಲ್ಲವಲ್ಲ, ಹಾಗಾದರೆ ಇಷ್ಟೇ ದೂರ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ಹನ್ನೆರಡು ವರ್ಷದಲ್ಲಿ ನನ್ನ ತರಗತಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ, ಯಾಕೆಂದರೆ ನನಗೂ ಗೊತ್ತಿರಲಿಲ್ಲ.

ಓದಿಕೊಂಡು ಬಂದೆ. ನಕ್ಷತ್ರದ ಲೆಕ್ಕ ಆ ಮಕ್ಕಳಿಗೆ ಹೆಚ್ಚಾಗುತ್ತದೆ ಎಂದು ಚಂದ್ರನಿಂದ ಶುರುಮಾಡಿದೆ. ಹುಣ್ಣಿಮೆ ಕಳೆದು ಒಂದು ವಾರ ಆಗಿತ್ತು, ಬೆಳಿಗ್ಗೆ ಹತ್ತು ಗಂಟೆಗೆ ಪಡುವಣದಲ್ಲಿ ಅರ್ಧ ಚಂದ್ರ ಇನ್ನೂ ಕಾಣುತ್ತಿದ್ದ. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೆ ಒಂದೊಂದು ತೊಗರಿ ಕಾಳು ಕೊಟ್ಟೆ. ಒಂದು ಕಣ್ಣು ಮುಚ್ಚಿ, ಕೈಯನ್ನು ಪೂರ್ತಿ ಚಾಚಿ, ಕಾಳನ್ನು ಚಂದ್ರನ ಮೇಲೆ ಹಿಡಿಯಿರಿ ಎಂದೆ. ಚಂದ್ರ ಮುಚ್ಚಿಹೋದ. ಕಾಳಿನ ಅಗಲ ಅರ್ಧ ಸೆಂಟಿಮೀಟರ್, ಕಣ್ಣಿನಿಂದ ಕಾಳಿಗೆ ಐವತ್ತನಾಲ್ಕು ಸೆಂಟಿಮೀಟರ್. ಅಂದರೆ ಕಾಳು ತನ್ನ ಅಗಲದ ನೂರ ಎಂಟರಷ್ಟು ದೂರದಲ್ಲಿದೆ. ಅದು ಚಂದ್ರನನ್ನು ಸರಿಯಾಗಿ ಮುಚ್ಚಿದರೆ ಚಂದ್ರನೂ ತನ್ನ ಅಗಲದ ನೂರ ಎಂಟರಷ್ಟು ದೂರದಲ್ಲಿರಬೇಕು. ಚಂದ್ರನ ಅಗಲ ಪುಸ್ತಕದಲ್ಲಿತ್ತು. ಗುಣಿಸಿದರೆ ಮೂರು ಲಕ್ಷ ಎಪ್ಪತ್ತೈದು ಸಾವಿರ ಕಿಲೋಮೀಟರ್ ಬಂತು. ಪುಸ್ತಕದಲ್ಲಿ ಮೂರು ಲಕ್ಷ ಎಂಬತ್ತನಾಲ್ಕು ಸಾವಿರ. ಒಂದು ತೊಗರಿ ಕಾಳಿನಿಂದ ಇಷ್ಟು ಹತ್ತಿರ ಬಂದೆವಲ್ಲ ಎಂದು ನನಗೇ ಆಶ್ಚರ್ಯವಾಗಿ, ಆ ದಿನ ಸ್ವಲ್ಪ ಜಂಬದಿಂದಲೇ ಮನೆಗೆ ಹೋದೆ.

ಮಾರನೆಯ ದಿನ ಚಿಕ್ಕತಾಯಿ ಲಂಗದ ತುದಿಯಲ್ಲಿ ರಾಗಿ ಕಟ್ಟಿಕೊಂಡು ಬಂದಳು. ಅವತ್ತೂ ತಡ. ನಾನು ಹೆಸರು ಬರೆದುಕೊಳ್ಳುತ್ತಿದ್ದರೆ ಅವಳು ಗೇಟಿನಲ್ಲೇ ನಿಂತು ಒಂದು ರಾಗಿ ಕಾಳನ್ನು ಬೆರಳ ತುದಿಗಳಲ್ಲಿ ಹಿಡಿದು, ಕೈ ಚಾಚಿ, ಒಂದು ಕಣ್ಣು ಮುಚ್ಚಿದಳು. ಬಯಲಿನ ಆಚೆ ಕಾಣುತ್ತಿದ್ದ ಚಿಮಣಿ ಬುಡದಿಂದ ತುದಿಯವರೆಗೆ ಕಾಳಿನ ಹಿಂದೆ ಮುಚ್ಚಿಹೋಯಿತು. ಆ ಚಿಮಣಿ ನಮ್ಮೂರಿನ ಹೆಮ್ಮೆ. ಪುರಸಭೆ ಅಧ್ಯಕ್ಷ ಗುರುಪಾದಪ್ಪನವರ ಅಜ್ಜ ಕಟ್ಟಿಸಿದ್ದು, ಹದಿನೆಂಟು ಮೀಟರ್ ಎತ್ತರ ಎಂದು ಪುರಸಭೆಯ ಕಾಗದಗಳ ತಲೆಯ ಮೇಲೆಲ್ಲ ಅಚ್ಚಾಗಿರುತ್ತದೆ. ಹತ್ತು ರಾಗಿ ಕಾಳು ಸಾಲಾಗಿ ಇಟ್ಟರೆ ಒಂದೂವರೆ ಸೆಂಟಿಮೀಟರ್ ಆಗುತ್ತದೆ, ಹಾಗಾಗಿ ಒಂದು ಕಾಳಿಗೆ ಒಂದೂವರೆ ಮಿಲಿಮೀಟರ್ ಎಂದಳು. ಕೈ ಐವತ್ತನಾಲ್ಕೇ. ಮುನ್ನೂರ ಅರವತ್ತು ಪಟ್ಟು. ಅದನ್ನು ಹದಿನೆಂಟರಿಂದ ಗುಣಿಸಿ ನೋಟ್‌ಬುಕ್ಕಿನ ಹಾಳೆಯನ್ನು ನನ್ನ ಮುಂದೆ ಹಿಡಿದಳು: ಆರು ಸಾವಿರದ ನಾನೂರ ಎಂಬತ್ತು ಮೀಟರ್.

ತಪ್ಪಾಗಿದೆ, ಮತ್ತೆ ಮಾಡು ಎಂದೆ. ಅವಳು ಮತ್ತೆ ಮಾಡಿದಳು. ಪೇಟೆಯ ಮಕ್ಕಳ ಕೈಯಲ್ಲೂ ಮಾಡಿಸಿದೆ. ಒಬ್ಬನಿಗೆ ಆರು ಸಾವಿರ ಬಂತು, ಒಬ್ಬಳಿಗೆ ಏಳು ಸಾವಿರ. ಮುನ್ನೂರ ಹತ್ತು ಯಾರಿಗೂ ಬರಲಿಲ್ಲ. ಮುನ್ನೂರ ಹತ್ತು ಬರಬೇಕಾದರೆ ಚಿಮಣಿ ಹೆಬ್ಬೆರಳಿನ ಎರಡು ಗಿಣ್ಣಿನಷ್ಟು ದೊಡ್ಡದಾಗಿ ಕಾಣಬೇಕಿತ್ತು. ಅದು ಇರುವೆಯಷ್ಟೂ ಕಾಣುತ್ತಿರಲಿಲ್ಲ. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಅದೇ ಗೇಟಿನಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವಳು ನಾನು. ನೋಡಿದ್ದೆ, ಖಂಡಿತ ನೋಡಿದ್ದೆ. ನೋಡಿ ಮುನ್ನೂರು ಮೀಟರ್ ಎನ್ನುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ವಿಷಯ ತೆಗೆದೆ. ಗಣಿತದವರು ಲೆಕ್ಕ ಸರಿಯಾಗಿದೆ ಎಂದು ಹೇಳಿ, ತಾನು ಹಾಗೆ ಹೇಳಿದೆನೆಂದು ಯಾರಿಗೂ ಹೇಳಬೇಡಿ ಎಂದರು. ಚಂದ್ರಮೌಳಿಯವರು ಬಾಗಿಲು ಮುಂದೆ ಮಾಡಿ, ಪ್ರದರ್ಶನದಲ್ಲಿ ಚಂದ್ರ ಇರಲಿ, ರಾಗಿ ಬೇಡ ಎಂದರು. ಚಂದ್ರ ಎಷ್ಟು ದೂರ ಇದ್ದರೂ ಯಾರಿಗೂ ತೊಂದರೆಯಿಲ್ಲವಂತೆ. ನಾನು ಒಪ್ಪಿದೆ. ಚಿಕ್ಕತಾಯಿಯನ್ನು ಕರೆದು, ನೀನು ಚಂದ್ರನದ್ದು ಮಾತ್ರ ತೋರಿಸಬೇಕು ಎಂದು ಹೇಳಿದೆ. ಅವಳು ತಲೆಯಾಡಿಸಿದಳು. ಯಾಕೆ ಎಂದು ಕೇಳಲಿಲ್ಲ.

ಪ್ರದರ್ಶನದ ದಿನ ಅಧಿಕಾರಿಗಳು ಬಂದರು. ಗುರುಪಾದಪ್ಪನವರು ಜರಿ ಪಂಚೆ ಉಟ್ಟು ಅವರ ಪಕ್ಕದಲ್ಲಿ ನಡೆಯುತ್ತ, ಪ್ರತಿಯೊಂದು ಥರ್ಮೋಕೋಲ್ ಉಂಡೆಯನ್ನೂ ತಾವೇ ಮಾಡಿಸಿದಂತೆ ತೋರಿಸುತ್ತ ಬಂದರು. ಅವರ ಮೊಮ್ಮಗಳು ವಿಭಾ ನನ್ನ ತರಗತಿಯವಳೇ. ಒಂದನೇ ತರಗತಿಯಿಂದ ಒಂದು ದಿನವೂ ತಪ್ಪಿಸದೆ ಬಂದು, ಪೂರ್ಣ ಹಾಜರಾತಿಯ ಫಲಕವನ್ನು ಪ್ರತಿವರ್ಷ ಅಜ್ಜನ ಕೈಯಿಂದಲೇ ಪಡೆಯುವವಳು. ಅವರ ಮನೆಗೂ ಶಾಲೆಗೂ ನಡುವೆ ಒಂದು ರಸ್ತೆ ಮಾತ್ರ. ಅವಳು ಸೀರಿಯಲ್ ಲೈಟಿನ ಸ್ವಿಚ್ ಒತ್ತಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಚಿಕ್ಕತಾಯಿ ತೊಗರಿ ಕಾಳು ಹಿಡಿದು ಚಂದ್ರನ ದೂರ ಹೇಳಿದಳು. ಅಧಿಕಾರಿಗಳಿಗೆ ನಿಜವಾಗಿಯೂ ಇಷ್ಟವಾಯಿತು. ಅದು ಗುರುಪಾದಪ್ಪನವರಿಗೆ ತಡೆಯಲಾಗಲಿಲ್ಲ. ಚಂದ್ರ ಇರಲಿ, ನಮ್ಮ ಚಿಮಣಿಯನ್ನು ಅಳೆದು ತೋರಿಸಲಿ, ಸಾಹೇಬರಿಗೂ ನಮ್ಮ ಅಜ್ಜನ ಕೆಲಸ ಗೊತ್ತಾಗಲಿ ಎಂದರು.

ಚಿಕ್ಕತಾಯಿ ನನ್ನ ಮುಖ ನೋಡಿದಳು. ಚಂದ್ರಮೌಳಿಯವರೂ ನನ್ನ ಮುಖ ನೋಡಿದರು. ನಾನು ಧೈರ್ಯದಿಂದ ಹೂಂ ಅಂದೆ ಎಂದು ಬರೆಯಲು ಆಸೆಯಿದೆ. ನಾನು ನೆಲ ನೋಡಿದೆ, ಅಷ್ಟೆ. ಅದನ್ನು ಅವಳು ಒಪ್ಪಿಗೆ ಎಂದು ತಿಳಿದಳು. ಗಂಟು ಬಿಚ್ಚಿ ರಾಗಿ ತೆಗೆದಳು, ಹತ್ತು ಕಾಳು ಸ್ಕೇಲಿನ ಮೇಲೆ ಜೋಡಿಸಿ ತೋರಿಸಿದಳು, ಕೈ ಚಾಚಿದಳು, ಹಲಗೆಯ ಮೇಲೆ ಲೆಕ್ಕ ಮಾಡಿದಳು. ಉತ್ತರವನ್ನು ಓದಲಿಲ್ಲ. ಅಡಿಗೆರೆ ಎಳೆದು ಪಕ್ಕಕ್ಕೆ ನಿಂತಳು. ಅಧಿಕಾರಿಗಳು ಒಂದು ಕಾಳನ್ನು ತಾವೇ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಜೋಪಾನವಾಗಿ ಅವಳ ಅಂಗೈಗೆ ಹಾಕಿ, ಕಾರು ಎಲ್ಲಿ ನಿಂತಿದೆ ಎಂದು ವಿಚಾರಿಸಿದರು. ಊಟಕ್ಕೂ ನಿಲ್ಲಲಿಲ್ಲ.

ಆ ವಾರ ಪುರಸಭೆಯ ತುರ್ತು ಸಭೆ ಸೇರಿತು. ಹುಡುಗಿಯ ಕೈ ಮೋಟು ಎಂದು ಒಬ್ಬರು, ಈ ವರ್ಷದ ರಾಗಿ ದಪ್ಪ ಎಂದು ಇನ್ನೊಬ್ಬರು ಹೇಳಿದರಂತೆ. ಆದರೆ ಗುರುಪಾದಪ್ಪನವರು ದಡ್ಡರಲ್ಲ. ಅವರು ಗಣಿತದವರನ್ನು ಕರೆಸಿ ಹುಡುಗಿಯ ಲೆಕ್ಕವನ್ನು ತಿರುಗಿಸಿ ಮಾಡಿಸಿದರು. ದೂರ ಮುನ್ನೂರ ಹತ್ತು ಮೀಟರ್ ಎಂಬುದು ದಾಖಲೆಯಲ್ಲಿದೆ, ಅದರಲ್ಲಿ ಅನುಮಾನವಿಲ್ಲ. ರಾಗಿ ಕಾಳು ಚಿಮಣಿಯನ್ನು ಮುಚ್ಚುವುದೂ ನಿಜ. ಹಾಗಾದರೆ ಚಿಮಣಿ ಎಷ್ಟು ಎತ್ತರ ಇರಬೇಕು? ಎಂಬತ್ತಾರು ಸೆಂಟಿಮೀಟರ್. ಸದರಿ ಚಿಮಣಿಯು ಕಾಲಕ್ರಮೇಣ ಕುಗ್ಗಿ ಈಗ ಎರಡು ಅಡಿ ಹತ್ತು ಇಂಚು ಇರುತ್ತದೆ ಎಂದು ಸರ್ವಾನುಮತದಿಂದ ನಿರ್ಣಯವಾಯಿತು. ಅಜ್ಜನ ಚಿಮಣಿಯನ್ನು ಮೊಮ್ಮಗ ಸೊಂಟದೆತ್ತರಕ್ಕೆ ಇಳಿಸಿದ, ಆದರೆ ಆ ಬೀದಿ ದೂರ ಇದೆ ಎಂದು ಒಪ್ಪಲಿಲ್ಲ. ಪೇಟೆಯಲ್ಲಿ ಯಾರೂ ನಗಲಿಲ್ಲ. ಕಾಗದದ ತಲೆಬರಹವನ್ನು ಮಾತ್ರ ಹೊಸದಾಗಿ ಅಚ್ಚು ಹಾಕಿಸಿದರು.

ಅದೇ ವಾರ ಪರೀಕ್ಷೆಗೆ ಕೂರುವವರ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನೂರಕ್ಕೆ ಎಪ್ಪತ್ತೈದು ಹಾಜರಾತಿ ಇಲ್ಲದವರು ಕೂರುವಂತಿಲ್ಲ. ಚಿಕ್ಕತಾಯಿ ಆವರೆಗೆ ನಡೆದ ನೂರ ಅರವತ್ತು ದಿನಗಳಲ್ಲಿ ನೂರ ಅರವತ್ತು ದಿನವೂ ಬಂದಿದ್ದಳು. ಜ್ವರ ಬಂದಾಗಲೂ ಬಂದಿದ್ದಳು. ಅದರಲ್ಲಿ ನೂರ ಇಪ್ಪತ್ತೊಂಬತ್ತು ದಿನ ತಡ. ಅಂದರೆ ನಲವತ್ತಮೂರು ದಿನ ಗೈರುಹಾಜರಿ. ಹಾಜರಾತಿ ಎಪ್ಪತ್ತಮೂರು ಚಿಲ್ಲರೆ. ಆ ನೂರ ಇಪ್ಪತ್ತೊಂಬತ್ತು ಗುರುತುಗಳೂ ನನ್ನ ಕೈಬರಹದಲ್ಲಿದ್ದವು. ಒಂದು ವರ್ಷ ಹೆಣ್ಣುಮಗು ಅದೇ ತರಗತಿಯಲ್ಲಿ ಉಳಿದರೆ ಆ ಬೀದಿಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದೆ ನಾಲ್ಕು ಹುಡುಗಿಯರಿಗೆ ಆಗಿತ್ತು. ಅವರು ಈಗ ಗೂಡಿನ ಹತ್ತಿರ ಕಲ್ಲು ಒಡೆಯುತ್ತಾರೆ. ಚಂದ್ರಮೌಳಿಯವರನ್ನು ಕೇಳಿದೆ. ನಿಯಮ ಎಂದರೆ ನಿಯಮ, ಮುನ್ನೂರು ಮೀಟರ್ ನಡೆಯಲಾಗದವರಿಗೆ ಪರೀಕ್ಷೆ ಯಾಕೆ ಎಂದರು. ಅದು ನನ್ನದೇ ಮಾತು. ಅವರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸು ಎಂದು ತಿಳಿಯಿತು.

ಮನೆಗೆ ಹೋಗಿ ಶಾಲೆಯ ನಿಯಮಗಳ ಪುಸ್ತಕವನ್ನು ಮೊದಲ ಸಲ ಪೂರ್ತಿ ಓದಿದೆ. ಶಾಲೆಯಿಂದ ಅರ್ಧ ಕಿಲೋಮೀಟರ್ ಒಳಗಿನ ಯಾವ ಜಾಗದಲ್ಲಾದರೂ ತರಗತಿ ಶಿಕ್ಷಕರು ಯಾರ ಅನುಮತಿಯೂ ಇಲ್ಲದೆ ಪಾಠ ನಡೆಸಬಹುದು ಎಂದು ಒಂದು ಸಾಲಿತ್ತು. ಹಿಂದೆ ಮರದಡಿ ಪಾಠ ಮಾಡುವವರಿಗಾಗಿ ಬರೆದದ್ದಿರಬೇಕು. ಏಳನೇ ತರಗತಿಯ ತರಗತಿ ಶಿಕ್ಷಕಿ ನಾನೇ. ಮಾರನೆಯ ದಿನ ಬೋರ್ಡಿನ ಮೇಲೆ ಬರೆದೆ: ಸೋಮವಾರದಿಂದ ಏಳನೇ ತರಗತಿಯ ಪಾಠಗಳು ಸುಣ್ಣದ ಬೀದಿಯಲ್ಲಿ, ಗೂಡಿನ ಮುಂದೆ, ಬೆಳಿಗ್ಗೆ ಒಂಬತ್ತೂವರೆಗೆ. ಹಾಜರಿ ಅಲ್ಲೇ. ತಡಕ್ಕೆ ಎಂದಿನ ನಿಯಮ.

ಭಾನುವಾರ ಬೆಳಿಗ್ಗೆ ಹಾಜರಿ ಪುಸ್ತಕ ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಿಸಿಲು ಏರುವ ಮೊದಲು ಮೂರು ಮಡಕೆ ದಾಟಿದೆ. ಐದನೆಯದರ ಹತ್ತಿರ ಮಂಡಿ ನೋವು ಶುರುವಾಯಿತು. ಏಳನೆಯದು ಖಾಲಿಯಾಗಿತ್ತು, ಅದರ ಮುಂದೆ ಕೂತು ಸ್ವಲ್ಪ ಹೊತ್ತು ನನ್ನನ್ನೇ ಬೈದುಕೊಂಡೆ. ಬೀದಿ ಮುಟ್ಟಿದಾಗ ಎರಡೂವರೆ ಗಂಟೆ ಕಳೆದಿತ್ತು. ಚಿಮಣಿಯ ಬುಡದಲ್ಲಿ ನಿಂತು ತಲೆ ಎತ್ತಿದರೆ ಅದರ ತುದಿ ನೋಡಲು ಸೆರಗು ಜಾರುವಷ್ಟು ಹಿಂದಕ್ಕೆ ಬಾಗಬೇಕು. ಅದರ ಹತ್ತಿರ ಚಿಕ್ಕತಾಯಿಯ ಅಪ್ಪ ಮುದ್ದಯ್ಯ ಕಲ್ಲು ಜೋಡಿಸುತ್ತಿದ್ದರು. ಕೈಯ ಕಲ್ಲು ಕೆಳಗಿಡದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮುನ್ನೂರ್ ಮೀಟ್ರು ನಡೆಯೋಕೆ ಇಷ್ಟ್ ಹೊತ್ತಾ ಮೇಡಂನೋರೆ?” ಎಂದರು.

ಅವರು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು ಮತ್ತೆ ಕಲ್ಲಿಗೆ ಹೋದರು. ವಾರವಿಡೀ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಅನ್ನ, ಸಾರು, ಮಲಗಲು ಚಾಪೆ ಎಲ್ಲವನ್ನೂ ಕೊಟ್ಟರು, ಉಪಕಾರ ಮಾಡಿದಿರಿ ಎಂಬ ಒಂದು ಮಾತನ್ನು ಮಾತ್ರ ಕೊಡಲಿಲ್ಲ. ಕೊಟ್ಟಿದ್ದರೆ ನಾನು ತೆಗೆದುಕೊಳ್ಳುತ್ತಿದ್ದೆನೇನೋ.

ಸೋಮವಾರ ಒಂಬತ್ತೂವರೆಗೆ ಬೀದಿಯ ಏಳನೇ ತರಗತಿಯ ಮೂವರು ಮಕ್ಕಳೂ ತಲೆ ಬಾಚಿ, ಧೂಳಿಲ್ಲದ ಕಾಲಿನಲ್ಲಿ ನನ್ನ ಮುಂದೆ ಕೂತಿದ್ದರು. ಹಾಜರಿ ಕರೆದೆ. ಪೇಟೆಯ ಮೊದಲ ಮಗು ಬಂದಾಗ ಹನ್ನೊಂದೂಕಾಲು. ವಿಭಾ ಹನ್ನೊಂದೂವರೆಗೆ ಬಂದಳು, ಹೊಸ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು. ಎಲ್ಲರ ಹೆಸರಿನ ಮುಂದೆ ತಡ ಎಂದು ಬರೆದೆ. ಅಂದು ಬೆಳಕು ಎಂಬ ವಿಷಯ ತೆಗೆದುಕೊಂಡು, ಅದು ಒಂದು ಸೆಕೆಂಡಿನಲ್ಲಿ ಎಷ್ಟು ಹೋಗುತ್ತದೆ, ಒಂದು ವರ್ಷದಲ್ಲಿ ಎಷ್ಟು ಎಂದು ಹೇಳಿದೆ. ಹನ್ನೆರಡು ವರ್ಷದಲ್ಲಿ ಪೇಟೆಯ ಮಕ್ಕಳು ದೂರ ಎಂಬ ಪದವನ್ನು ಅಷ್ಟು ಗಂಭೀರವಾಗಿ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಅಂದು ಸಂಜೆಯೇ ಪೇಟೆಯ ತಂದೆತಾಯಿಗಳು ಚಂದ್ರಮೌಳಿಯವರ ಮನೆಗೆ ಹೋದರಂತೆ. ತರಗತಿಯನ್ನು ವಾಪಸ್ ತನ್ನಿ ಎಂದು ಅವರು ಒಂದು ಚೀಟಿ ಕಳಿಸಿದರು. ಆ ಜಾಗ ಅರ್ಧ ಕಿಲೋಮೀಟರಿಗಿಂತ ದೂರ ಇದೆ ಎಂದು ಸಹಿ ಹಾಕಿ ಕಳಿಸಿದರೆ ಅದೇ ಗಳಿಗೆಯಲ್ಲಿ ಬರುತ್ತೇನೆ ಎಂದು ಉತ್ತರ ಬರೆದೆ. ಪುರಸಭೆಯ ನಿರ್ಣಯದ ಶಾಯಿ ಇನ್ನೂ ಹಸಿಯಾಗಿತ್ತು. ಅವರು ಮತ್ತೆ ಬರೆಯಲಿಲ್ಲ. ಮಂಗಳವಾರವೂ ತಡ. ಬುಧವಾರವೂ ತಡ. ವಿಭಾಗೆ ಮೂರು ತಡ ಆಯಿತು, ಅಂದರೆ ಒಂದು ದಿನ ಗೈರುಹಾಜರಿ. ನಾನು ಅದನ್ನು ಅವಳೆದುರಿಗೇ ಬರೆದೆ. ಅವಳು ಅಳಲಿಲ್ಲ. ಚಿಕ್ಕತಾಯಿಯ ಪಕ್ಕಕ್ಕೆ ಹೋಗಿ ಕೂತು, ನಿನಗೆ ದಿನಾ ಹೀಗಾ ಎಂದು ಮೆಲ್ಲಗೆ ಕೇಳಿದಳು. ನಾವು ಬೇಗ ಹೊರಡ್ತೀವಿ ಎಂದಳು ಚಿಕ್ಕತಾಯಿ.

ಗುರುವಾರ ಮಧ್ಯಾಹ್ನ ಗುರುಪಾದಪ್ಪನವರು ಬಂದರು. ಒಬ್ಬರೇ, ಕೊಡೆ ಹಿಡಿದು, ಪಂಚೆ ಮಂಡಿಯವರೆಗೆ ಎತ್ತಿ ಕಟ್ಟಿ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಜ್ಜ ಕಟ್ಟಿಸಿದ ಚಿಮಣಿಯ ಹತ್ತಿರಕ್ಕೆ ಅವರು ಮೂವತ್ತು ವರ್ಷದ ಮೇಲೆ ಬರುತ್ತಿದ್ದರು ಎಂದು ಮುದ್ದಯ್ಯ ಆಮೇಲೆ ಹೇಳಿದರು. ಅದರ ಬುಡದಲ್ಲಿ ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಂಡರು. ಮೇಲೆ ನೋಡಲಿಲ್ಲ. ನೀರು ಕುಡಿದ ಮೇಲೆ, ಮಗುವಿನ ಏಳು ವರ್ಷದ ಫಲಕ ಹೋಗುತ್ತದೆ, ಏನಾದರೂ ದಾರಿ ಹುಡುಕಿ ಎಂದು ಮೆತ್ತಗೆ ಕೇಳಿದರು. ದಾರಿ ಇದೆ ಎಂದೆ. ನಿಯಮ ಒಂಬತ್ತು: ಎರಡು ಕಿಲೋಮೀಟರಿಗಿಂತ ದೂರ ನಡೆಯುವ ಮಕ್ಕಳ ತಡವನ್ನು ಲೆಕ್ಕಕ್ಕೆ ಹಿಡಿಯಬಾರದು, ಪುರಸಭೆ ಅಧ್ಯಕ್ಷರು ಬರೆದುಕೊಟ್ಟರೆ ಸಾಕು. ನಮ್ಮೂರಿನಲ್ಲಿ ದೂರವೇ ಇಲ್ಲದ್ದರಿಂದ ಅದನ್ನು ಇದುವರೆಗೆ ಯಾರೂ ಬಳಸಿಲ್ಲ.

“ಮೇಡಂ, ನಾನು ಬರೆದುಕೊಟ್ಟರೆ ಊರಲ್ಲಿ ನನ್ನ ಮಾತಿಗೆ ಏನು ಬೆಲೆ?” ಎಂದರು.

“ಎರಡು ಅಡಿ ಹತ್ತು ಇಂಚು,” ಎಂದೆ.

ಅವರು ಸಿಟ್ಟಾಗುತ್ತಾರೆ ಅಂದುಕೊಂಡೆ. ಆದರೆ ಮುಂದೆ ಮತ್ತೆ ನಡೆದುಕೊಂಡೇ ವಾಪಸ್ ಹೋಗಬೇಕಿತ್ತಲ್ಲ, ಅದು ಅವರ ಸಿಟ್ಟನ್ನು ತಿಂದುಹಾಕಿತ್ತು. ಕಾಗದ ಕೇಳಿದರು. ನೋಟ್‌ಬುಕ್ಕಿನ ಹಾಳೆ ಹರಿದುಕೊಟ್ಟೆ. ಸುಣ್ಣದ ಬೀದಿಗೂ ಶಾಲೆಗೂ ನಡುವೆ ಆರು ಸಾವಿರದ ನಾನೂರ ಎಂಬತ್ತು ಮೀಟರ್ ದೂರವಿರುವುದರಿಂದ, ಈ ವರ್ಷ ಅಷ್ಟು ದೂರ ನಡೆದ ವಿದ್ಯಾರ್ಥಿನಿಯ ತಡವನ್ನು ಮನ್ನಿಸತಕ್ಕದ್ದು ಎಂದು ಬರೆದರು. ವಿದ್ಯಾರ್ಥಿನಿಯ ಎಂಬುದನ್ನು ವಿದ್ಯಾರ್ಥಿಗಳ ಎಂದು ತಿದ್ದಿ ಎಂದೆ. ಪೆನ್ನು ಹಿಡಿದ ಕೈ ನಿಂತಿತು. ಕಲ್ಲು ಒಡೆಯುತ್ತಿದ್ದ ಹೆಂಗಸರೂ ಸುತ್ತಿಗೆ ಇಳಿಸಿ ನೋಡುತ್ತಿದ್ದರು. ಅವರಲ್ಲಿ ಇಬ್ಬರು ನಾನು ತಡ ಬರೆದೇ ಅಲ್ಲಿಗೆ ಕಳಿಸಿದವರು. ಗುರುಪಾದಪ್ಪನವರು ತಿದ್ದಿದರು, ಸಹಿ ಹಾಕಿದರು, ದಿನಾಂಕ ಬರೆದರು. ಅದೇ ಸಂಜೆ ನಾನು ಚಿಕ್ಕತಾಯಿಯ ಹೆಸರಿನ ಮುಂದಿನ ನೂರ ಇಪ್ಪತ್ತೊಂಬತ್ತು ಗುರುತುಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಒಂದೇ ಗೆರೆಯಲ್ಲಿ ಮುಗಿಸಬಹುದಿತ್ತು. ಬರೆಯುವಾಗ ಒಂದೊಂದಾಗಿ ಬರೆದವಳು ಹೊಡೆಯುವಾಗಲೂ ಹಾಗೆಯೇ ಮಾಡಲಿ ಎಂದು ಕೂತೆ. ಬೀದಿಯ ಉಳಿದ ಒಂಬತ್ತು ಮಕ್ಕಳದ್ದೂ, ವಿಭಾ ಮತ್ತು ಪೇಟೆಯ ಮಕ್ಕಳದ್ದೂ ಆಮೇಲೆ ಹೊಡೆದೆ.

ತರಗತಿ ಪೇಟೆಗೆ ವಾಪಸ್ ಬಂತು. ದಾರಿ ಏನೂ ಕಡಿಮೆಯಾಗಿಲ್ಲ. ಪುರಸಭೆ ಇನ್ನೊಂದು ಸಭೆ ಮಾಡಿ ಚಿಮಣಿಗೆ ಹದಿನೆಂಟು ಮೀಟರ್ ವಾಪಸ್ ಕೊಟ್ಟಿತು, ದೂರದ ಬಗ್ಗೆ ಮಾತ್ರ ಒಂದು ಸಮಿತಿ ಮಾಡಿತು. ಸಮಿತಿಯವರು ಇನ್ನೂ ಟೈಲರ್ ಅಂಗಡಿ ದಾಟಿಲ್ಲ. ನಾನು ಗೇಟಿನಲ್ಲಿ ಹೆಸರು ಬರೆಯುವುದನ್ನು ಬಿಟ್ಟೆ. ಚಂದ್ರಮೌಳಿಯವರು ಆ ಕೆಲಸವನ್ನು ಗಣಿತದವರಿಗೆ ಕೊಟ್ಟಿದ್ದಾರೆ, ಅವರು ಬಿಳಿ ಧೂಳಿನ ಕಾಲು ಕಂಡರೆ ಬೇರೆ ಕಡೆ ತಿರುಗುತ್ತಾರಂತೆ. ಅವರಿಗೂ ಅಷ್ಟೇ ಧೈರ್ಯ.

ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು, ಚಿಕ್ಕತಾಯಿ ಕೂತಳು. ವಿಜ್ಞಾನದ ಪತ್ರಿಕೆಗಳನ್ನು ತಿದ್ದಿದ್ದು ನಾನೇ. ಹನ್ನೊಂದನೇ ಪ್ರಶ್ನೆ ಹೀಗಿತ್ತು: ಸೂರ್ಯ ಭೂಮಿಯಿಂದ ಎಷ್ಟು ದೂರದಲ್ಲಿದ್ದಾನೆ? ಒಂದು ವಾಕ್ಯದಲ್ಲಿ ಉತ್ತರಿಸಿ. ಉಳಿದ ಮೂವತ್ತೆಂಟು ಮಕ್ಕಳೂ ನಾನು ಬೋರ್ಡಿನ ಮೇಲೆ ಬರೆದಿದ್ದನ್ನೇ ಅಕ್ಷರವೂ ಬದಲಾಗದಂತೆ ಬರೆದಿದ್ದರು. ಚಿಕ್ಕತಾಯಿ ಎರಡು ವಾಕ್ಯ ಬರೆದಿದ್ದಳು. ಹದಿನೈದು ಕೋಟಿ ಕಿಲೋಮೀಟರ್ ಎಂದು ಮಿಸ್ ಹೇಳುತ್ತಾರೆ. ಮಿಸ್ ಅಳೆದು ನೋಡಿಲ್ಲ. ಕೆಂಪು ಪೆನ್ನು ತೆಗೆದುಕೊಂಡೆ. ಆ ಪ್ರಶ್ನೆಗೆ ಇದ್ದದ್ದು ಒಂದೇ ಅಂಕ. ಅದನ್ನು ಎರಡನೆಯ ವಾಕ್ಯದ ಎದುರಿಗೆ ಬರೆದೆ.